ಬೆಳಿಗ್ಗೆ ಏಳಲು ಒಪ್ಪದ ಮಾರುತಿ 800

ನಮ್ಮದು 1997ರ ಮಾರುತಿ 800. ಮೂರು ಸಿಲಿಂಡರ್, 796 ಸಿಸಿ, ಪೆಟ್ರೋಲಿಗೆ ಗಾಳಿ ಬೆರೆಸಲು ಕಾರ್ಬ್ಯುರೇಟರ್ ಇರುವ ಹಳೇ ಮಾದರಿ. ಅಪ್ಪಯ್ಯ ಕೊಂಡಿದ್ದು, ಈಗ ನಾನು ಓಡಿಸುತ್ತೇನೆ. ಸಾಗರದ ಪೇಟೆ, ಅಡಿಕೆ ಮಂಡಿ, ಸೊಸೈಟಿ, ಇಷ್ಟೇ ಅದರ ಲೋಕ. ಕಳೆದ ಮಳೆಗಾಲದಲ್ಲಿ ಅದು ಶುರುಮಾಡಿತು ನೋಡಿ ರಗಳೆ. ಬೆಳಿಗ್ಗೆ ಎಷ್ಟು ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗುತ್ತಿರಲಿಲ್ಲ. ಹೇಗೋ ಸ್ಟಾರ್ಟ್ ಆದರೂ, ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದ ಕೂಡಲೇ ಗಡಗಡ ನಡುಗಿ ಆಫ್. ಆದರೆ ಒಮ್ಮೆ ರಸ್ತೆಗೆ ಇಳಿದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಓಡುತ್ತಿತ್ತು.

ಓಡುವಾಗ ಸರಿ ಇದೆ, ನಿಂತಾಗ ಮಾತ್ರ ನಡುಕ. ಇದನ್ನು ಮೊದಲೇ ಯೋಚಿಸಿದ್ದರೆ ನನಗೆ ಮೂರು ವಾರ ಉಳಿಯುತ್ತಿತ್ತು. ನಾನು ಸೀದಾ ಗ್ಯಾರೇಜಿಗೆ ಹೋದೆ. ಅಲ್ಲಿ ಪ್ಲಗ್ ಬದಲಾಯಿಸಿದರು, ಪ್ಲಗ್ ವೈರ್ ಬದಲಾಯಿಸಿದರು, ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡೆಲ್ಕೋದ ಕ್ಯಾಪ್ ಹೊಸದು ಹಾಕಿದರು. ಕೊನೆಗೆ, ನಿಂತಲ್ಲೇ ಓಡುವ ಎಂಜಿನ್ನಿನ ವೇಗ ಹೊಂದಿಸುವ ಐಡ್ಲಿಂಗ್ ಸ್ಕ್ರೂ ಒಂದು ಸುತ್ತು ಏರಿಸಿದರು. ನಾಲ್ಕು ದಿನ ಆಫ್ ಆಗಲಿಲ್ಲ. ಎಂಜಿನ್ ಜೋರಾಗಿ ಓಡುತ್ತಿದ್ದರೆ ಯಾಕೆ ಆಫ್ ಆಗುತ್ತದೆ ಹೇಳಿ! ಐದನೇ ದಿನ ಮತ್ತೆ ಅದೇ ಕತೆ. ಈ ಸಲ ಕಾರ್ಬ್ಯುರೇಟರನ್ನೇ ಬದಲಾಯಿಸಬೇಕು ಅಂದರು. ಅಪ್ಪಯ್ಯ, "ಕೊಟ್ಟುಬಿಡು ಮಾರಾಯ, ಗುಜರಿಯವನಾದರೂ ತಗೊಳ್ತಾನೆ" ಅಂದರು. ಆ ಮಾತಿಗೆ ಹಟ ಬಂತು.

ನನ್ನ ಹತ್ತಿರ ಇದ್ದದ್ದು ಒಂದು ಮಲ್ಟಿಮೀಟರ್, ಪ್ಲಗ್ ಸ್ಪ್ಯಾನರ್, ಸ್ಕ್ರೂಡ್ರೈವರ್, ಇಕ್ಕಳ, ಹೂಗಿಡಕ್ಕೆ ನೀರು ಚಿಮುಕಿಸುವ ಬಾಟಲಿ. ಅಷ್ಟೇ ಸಾಕಾಯಿತು.

ತಣ್ಣಗಿರುವ ಎಂಜಿನ್ ಪರೀಕ್ಷೆಗೆ ದಿನಕ್ಕೆ ಒಂದೇ ಅವಕಾಶ. ಒಮ್ಮೆ ಸ್ಟಾರ್ಟ್ ಆಯಿತೋ, ಮುಗಿಯಿತು, ಮತ್ತೆ ಮರುದಿನ ಬೆಳಿಗ್ಗೆಯೇ. ಹಾಗಾಗಿ ಆತುರ ಬಿಟ್ಟೆ. ಮೊದಲ ಬೆಳಿಗ್ಗೆ ಬ್ಯಾಟರಿ ನೋಡಿದೆ. ಸುಮ್ನೆ ಇರುವಾಗ 12.5 ವೋಲ್ಟ್, ಸೆಲ್ಫ್ ಹೊಡೆಯುವಾಗ 10.3. ಆಗ 9.6ಕ್ಕಿಂತ ಕೆಳಗೆ ಇಳಿದರೆ ಬ್ಯಾಟರಿಯನ್ನೋ ಅದರ ಟರ್ಮಿನಲ್‌ಗಳನ್ನೋ ಅನುಮಾನಿಸಬೇಕು. ನನ್ನದು ಪಾಸ್. ಹಿಂದಿನ ರಾತ್ರಿಯೇ ಕತ್ತಲಲ್ಲಿ ಬಾನೆಟ್ ಎತ್ತಿ, ಎಂಜಿನ್ ಓಡುವಾಗ ಪ್ಲಗ್ ವೈರ್‌ಗಳ ಮೇಲೆ ಸಣ್ಣ ನೀಲಿ ಕಿಡಿ ಏನಾದರೂ ಹಾರುತ್ತದಾ ಎಂದು ನೋಡಿದ್ದೆ. ಮಲೆನಾಡಿನ ತೇವಕ್ಕೆ ಕರೆಂಟ್ ಹೊರಗೇ ಸೋರುವುದುಂಟು. ಇರಲಿಲ್ಲ.

ಎರಡನೇ ಬೆಳಿಗ್ಗೆ ಏರ್ ಫಿಲ್ಟರ್ ಡಬ್ಬಿ ಬಿಚ್ಚಿ ಕಾರ್ಬ್ಯುರೇಟರಿನ ಬಾಯಿಗೆ ಟಾರ್ಚ್ ಹಿಡಿದೆ. ಎಂಜಿನ್ ಆಫ್ ಇರುವಾಗಲೇ ಆಕ್ಸಿಲರೇಟರ್ ಕೇಬಲ್ ಕೈಯಲ್ಲಿ ಎಳೆದೆ. ಒಳಗೆ ಪೆಟ್ರೋಲ್ ಪಿಚಕಾರಿಯ ಹಾಗೆ ಚಿಮ್ಮಿತು. ಅಂದರೆ ರಾತ್ರಿ ಕಳೆದರೂ ಒಳಗೆ ಪೆಟ್ರೋಲ್ ಇದೆ, ಪಂಪ್ ಮೇಲೆ ತಪ್ಪು ಹೊರಿಸುವ ಹಾಗಿಲ್ಲ. ಆಮೇಲೆ ಮಗಳನ್ನು ಸೀಟಿನಲ್ಲಿ ಕೂರಿಸಿ ಚೋಕ್ ಪೂರ್ತಿ ಎಳೆ ಅಂದೆ.

"ಎಳ್ದಿದೀನಪ್ಪಾ!"

ಮೇಲಿನ ತಗಡು ಪೂರ್ತಿ ಮುಚ್ಚಿಕೊಂಡಿರಲಿಲ್ಲ. ನನ್ನ ಕಿರುಬೆರಳು ತೂರುವಷ್ಟು ಸಂದು ಇತ್ತು. ಚೋಕ್ ಇರುವುದೇ ಗಾಳಿ ಕಡಿಮೆ ಮಾಡಿ ಪೆಟ್ರೋಲ್ ಜಾಸ್ತಿ ಎಳೆಯಲಿಕ್ಕೆ. ತಣ್ಣನೆ ಎಂಜಿನ್‌ನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ, ಅದಕ್ಕೇ ಆ ಹೆಚ್ಚಿನ ಪಾಲು ಬೇಕು. ಅಷ್ಟು ಸಂದಿದ್ದರೆ ಎಲ್ಲಿ ಬರುತ್ತದೆ? ನೋಡಿದರೆ ಕೇಬಲ್ಲಿನ ಹೊರಕವಚ ತನ್ನ ಕ್ಲಿಪ್ಪಿನಿಂದ ಜಾರಿತ್ತು. ಒಳಗೆ ಕೂತವರ ಕೈಗೆ ಚೋಕ್ ಪೂರ್ತಿ ಬಂದ ಹಾಗೆಯೇ ಅನಿಸುತ್ತದೆ, ಅದೇ ಮೋಸ. ಸ್ಕ್ರೂ ಸಡಿಲಿಸಿ, ಕವಚವನ್ನು ಹಿಂದಕ್ಕೆ ತಳ್ಳಿ ಬಿಗಿಮಾಡಿದೆ. ಮರುದಿನ ಎರಡನೇ ಸೆಲ್ಫಿಗೆ ಸ್ಟಾರ್ಟ್.

ಆದರೆ ನಡುಕ ಹಾಗೆಯೇ ಇತ್ತು. ಆಗ ಹೊಳೆಯಿತು, ಇದು ಒಂದೇ ಕಾಯಿಲೆ ಅಲ್ಲ, ಎರಡು. ಗ್ಯಾರೇಜಿನವರೂ ನಾನೂ ಒಂದೇ ಮದ್ದು ಹುಡುಕುತ್ತಿದ್ದೆವು.

ಎಂಜಿನ್ ಬಿಸಿ ಮಾಡಿ ಹತ್ತು ನಿಮಿಷ ನಿಂತಲ್ಲೇ ಓಡಿಸಿದೆ. ಆರಿದ ಮೇಲೆ ಪ್ಲಗ್ ಬಿಚ್ಚಿದೆ. ಬಿಸಿ ಇರುವಾಗ ಬಿಚ್ಚಬೇಡಿ, ಪ್ಲಗ್ ಕೂರುವ ಹೆಡ್ ಅಲ್ಯೂಮಿನಿಯಂ, ಥ್ರೆಡ್ ಕಿತ್ತು ಬಂದರೆ ದೊಡ್ಡ ಖರ್ಚು. ಮೂರೂ ಪ್ಲಗ್ ಒಂದೇ ಥರ ಬಿಳಿಚಿಕೊಂಡಿದ್ದವು. ಒಂದು ಮಾತ್ರ ಕಪ್ಪಾಗಿದ್ದರೆ ಆ ಸಿಲಿಂಡರಿನ ತೊಂದರೆ ಅನ್ನಬಹುದಿತ್ತು. ಮೂರೂ ಬಿಳಿ ಅಂದರೆ ಮೂವರಿಗೂ ಸಾಮಾನ್ಯವಾದ ಜಾಗದಲ್ಲಿ ಗಾಳಿ ಜಾಸ್ತಿ ಸೇರುತ್ತಿದೆ.

ಓಡುವಾಗ ಸರಿ, ನಿಂತಾಗ ನಡುಕ ಎಂಬುದಕ್ಕೂ ಇಲ್ಲೇ ಉತ್ತರ ಸಿಕ್ಕಿತು. ನಿಂತಲ್ಲೇ ಓಡುವಾಗ ಥ್ರಾಟಲ್, ಅಂದರೆ ಆಕ್ಸಿಲರೇಟರ್ ಒತ್ತಿದರೆ ತೆರೆಯುವ ಬಾಗಿಲು, ಹೆಚ್ಚುಕಡಿಮೆ ಮುಚ್ಚಿರುತ್ತದೆ. ಕಾರ್ಬ್ಯುರೇಟರಿನಿಂದ ಸಿಲಿಂಡರ್‌ಗಳಿಗೆ ಹೋಗುವ ಕೊಳವೆ, ಅಂದರೆ ಮ್ಯಾನಿಫೋಲ್ಡ್, ಅದರ ಒಳಗೆ ಎಳೆತ ಜೋರು. ಎಲ್ಲಿ ಬಿರುಕಿದ್ದರೂ ಅಲ್ಲಿಂದ ಗಾಳಿ ನುಗ್ಗುತ್ತದೆ. ಸೀಳಿದ ಸ್ಟ್ರಾದಲ್ಲಿ ಎಳನೀರು ಕುಡಿದ ಹಾಗೆ. ಥ್ರಾಟಲ್ ತೆರೆದರೆ ಹೇಗೂ ಬೇಕಾದಷ್ಟು ಗಾಳಿ ಹೋಗುತ್ತಿರುತ್ತದೆ, ಬಿರುಕಿನದು ಲೆಕ್ಕಕ್ಕಿಲ್ಲ.

ಬಿರುಕು ಹುಡುಕಲು ಕೆಲವರು ಪೆಟ್ರೋಲ್ ಅಥವಾ ಕಾರ್ಬ್ಯುರೇಟರ್ ಕ್ಲೀನರ್ ಹೊಡೆಯುತ್ತಾರೆ. ಬಿಸಿ ಎಂಜಿನ್ ಮೇಲೆ ಆ ಧೈರ್ಯ ನನಗಿಲ್ಲ. ಬಾಟಲಿಯಲ್ಲಿ ಬರೀ ನೀರು ತುಂಬಿ, ಡೆಲ್ಕೋ ಕಡೆ ಹೋಗದ ಹಾಗೆ, ಕಾರ್ಬ್ಯುರೇಟರಿನ ಬುಡಕ್ಕೆ ಸ್ವಲ್ಪ ಸ್ವಲ್ಪ ಚಿಮುಕಿಸಿದೆ. ಎಂಜಿನ್ ಶಬ್ದ ಬದಲಾಗಲಿಲ್ಲ. ಅಲ್ಲಿ ಸಂದು ಮುಚ್ಚುವ ಗ್ಯಾಸ್ಕೆಟ್ ಸರಿ ಇದೆ. ಮುಂದೆ ರಬ್ಬರ್ ಪೈಪುಗಳು. ಒಂದೊಂದನ್ನೇ ಇಕ್ಕಳದಲ್ಲಿ ಬಟ್ಟೆ ಸುತ್ತಿ ಹಿಸುಕುತ್ತಾ ಬಂದೆ. ಮೂರನೆಯದನ್ನು ಹಿಸುಕಿದ್ದೇ ತಡ, ನಡುಕ ನಿಂತು ಎಂಜಿನ್ ಭರ್ರನೆ ಏರಿತು.

ಅದೊಂದು ಅನಾಥ ಪೈಪು. ಹಿಂದೆ ಕಾರಿಗೆ ಎಸಿ ಇತ್ತು. ಎಸಿ ಹಾಕಿದಾಗ ಐಡ್ಲಿಂಗ್ ಇಳಿಯದಂತೆ ನೋಡಿಕೊಳ್ಳುವ ಒಂದು ವಾಲ್ವಿಗೆ ಮ್ಯಾನಿಫೋಲ್ಡಿನಿಂದ ಆ ಪೈಪು ಹೋಗುತ್ತಿತ್ತು. ಎಸಿ ಕಿತ್ತಾಗ ಅದರ ತುದಿಗೆ ಒಂದು ಸ್ಕ್ರೂ ತುರುಕಿ ಬಿಟ್ಟಿದ್ದರು. ಹಾಗೆ ಬಿಡಿ ಅಂದವನು ನಾನೇ. ಮೇಲಿಂದ ನೋಡಿದರೆ ಗಟ್ಟಿಮುಟ್ಟು, ಬಗ್ಗಿಸಿದರೆ ಅಡಿಯಲ್ಲಿ ಉದ್ದಕ್ಕೆ ಸೀಳು. ಅಷ್ಟು ದಿನ ನಾನು ಶೇ 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲನ್ನು ಬಯ್ಯುತ್ತಿದ್ದೆ. ಈ ಪೈಪು ಒಣಗಿದ್ದು ವಯಸ್ಸಿಗೆ ಮತ್ತು ಎಂಜಿನ್ ಬಿಸಿಗೆ. ಆದರೆ ಎಥೆನಾಲಿನಲ್ಲಿ ಆಮ್ಲಜನಕ ಇರುವುದರಿಂದ ಹಳೇ ಕಾರ್ಬ್ಯುರೇಟರಿನಲ್ಲಿ ಮಿಶ್ರಣ ಮೊದಲೇ ತುಸು ತೆಳುವಾಗುತ್ತದೆ, ಗಾಳಿಯ ಪಾಲು ಜಾಸ್ತಿಯಾದ ಹಾಗೆ. ಅದರ ಮೇಲೆ ಈ ಸೀಳು ಬೇರೆ.

ಅರ್ಧ ಅಡಿ ಹೊಸ ಪೈಪು, ಎರಡು ಕ್ಲಿಪ್ಪು, ಎಲ್ಲ ಸೇರಿ ಐವತ್ತು ರೂಪಾಯಿ ಒಳಗೆ ಮುಗಿಯಿತು. ಪ್ಲಗ್, ವೈರ್, ಕ್ಯಾಪ್ ಖರ್ಚನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ. ಗ್ಯಾರೇಜಿನಲ್ಲಿ ಏರಿಸಿದ್ದ ಐಡ್ಲಿಂಗ್ ಸ್ಕ್ರೂ ಈಗ ಇಳಿಸಬೇಕಾಯಿತು. ಪರಿಚಯದವರ ಹತ್ತಿರ ಎಂಜಿನ್ ಸುತ್ತು ಅಳೆಯುವ ಮೀಟರ್ ತಂದು, ಬಿಸಿ ಎಂಜಿನ್ನಿನಲ್ಲಿ ಸುಮಾರು 900 ಆರ್‌ಪಿಎಂಗೆ ನಿಲ್ಲಿಸಿದೆ.

ಒಂದು ಚಾಳಿ ಮಾತ್ರ ಉಳಿದಿದೆ. ಬಿಸಿಲಲ್ಲಿ ಓಡಿಸಿ, ಹತ್ತು ನಿಮಿಷ ನಿಲ್ಲಿಸಿ, ಮತ್ತೆ ಹೊಡೆದರೆ ಒಮ್ಮೊಮ್ಮೆ ಸತಾಯಿಸುತ್ತದೆ. ಬಿಸಿಗೆ ಪೆಟ್ರೋಲ್ ಕುದಿದು ಒಳಗೆ ಜಾಸ್ತಿ ಸೇರಿರುತ್ತದೆ. ಆಗ ಚೋಕ್ ಮುಟ್ಟುವುದಿಲ್ಲ, ಕಾಲಲ್ಲಿ ಪಂಪ್ ಹೊಡೆಯುವುದೂ ಇಲ್ಲ. ಆಕ್ಸಿಲರೇಟರ್ ಅರ್ಧ ಒತ್ತಿ ಹಾಗೇ ಹಿಡಿದು ಸೆಲ್ಫ್ ಹೊಡೆಯುತ್ತೇನೆ, ಬರುತ್ತದೆ.