ಪಠ್ಯಕ್ರಮವನ್ನು ಪ್ರಶ್ನೆಪತ್ರಿಕೆಯ ಕಡೆಯಿಂದ ಓದಿದ ನನ್ನ ಅನುಭವ

ಮಗಳು ಐದನೇ ತರಗತಿ ಮುಗಿಸುವ ಹೊತ್ತಿಗೆ ಮುಂದೆ ಯಾವ ಪಠ್ಯಕ್ರಮ ಎಂಬುದನ್ನು ನಾವು ತೀರ್ಮಾನಿಸಬೇಕಾಗಿತ್ತು. ನಮ್ಮದು ವರ್ಗಾವಣೆಯ ಉದ್ಯೋಗ. ಊರು ಮಾತ್ರವಲ್ಲ, ದೇಶವೂ ಬದಲಾಗುವ ಸಾಧ್ಯತೆ ಇತ್ತು. ಆದ್ದರಿಂದ ಹಲವು ದೇಶಗಳಲ್ಲಿ ಶಾಲೆಗಳಿರುವ ಭಾರತದ ಕೇಂದ್ರೀಯ ಮಂಡಳಿಯಾದ ಸಿಬಿಎಸ್‌ಇ, ಬ್ರಿಟನ್ ಮೂಲದ ಕೇಂಬ್ರಿಜ್ ಮತ್ತು ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೊರಿಯೇಟ್) ಈ ಮೂರೇ ನಮ್ಮ ಪರಿಶೀಲನೆಯಲ್ಲಿ ಉಳಿದವು. ಪರಿಚಿತರನ್ನು ವಿಚಾರಿಸಿದಾಗ ಬಹುತೇಕರು ತಮ್ಮ ಮಕ್ಕಳು ಓದುತ್ತಿರುವುದನ್ನೇ ಹೊಗಳಿದರು. ಅದು ಸಹಜವೇ, ಏಕೆಂದರೆ ಒಮ್ಮೆ ಆರಿಸಿಕೊಂಡದ್ದನ್ನು ಸಮರ್ಥಿಸಿಕೊಳ್ಳದೆ ಇರುವುದು ಕಷ್ಟ. ಶಾಲೆಗಳ ಪರಿಚಯ ಪುಸ್ತಿಕೆಗಳಿಂದಲೂ ಹೆಚ್ಚಿನ ನೆರವು ದೊರೆಯಲಿಲ್ಲ. ಸರ್ವತೋಮುಖ ಬೆಳವಣಿಗೆಯನ್ನು ಭರವಸೆಯಾಗಿ ನೀಡದ ಶಾಲೆ ನನ್ನ ಕಣ್ಣಿಗೆ ಬೀಳಲಿಲ್ಲ. ಹಾಗಾಗಿ ನಾನು ಕೊನೆಯ ಕಡೆಯಿಂದ ಓದಲು ನಿರ್ಧರಿಸಿದೆ. ಹದಿನಾರರ ಹರೆಯದಲ್ಲಿ ಮಗುವಿಗೆ ಎಂಥ ಪ್ರಶ್ನೆ ಕೇಳುತ್ತಾರೆ, ಎಂಥ ಉತ್ತರಕ್ಕೆ ಅಂಕ ಕೊಡುತ್ತಾರೆ ಎಂಬುದು ತಿಳಿದರೆ, ಅದಕ್ಕೆ ಮುಂಚಿನ ಐದು ವರ್ಷಗಳಲ್ಲಿ ತರಗತಿಯೊಳಗೆ ಏನು ನಡೆಯುತ್ತದೆ ಎಂಬುದನ್ನು ಬಹುಮಟ್ಟಿಗೆ ಊಹಿಸಬಹುದು.

ಇದಕ್ಕೆ ಬೇಕಾದ ಸಾಮಗ್ರಿ ಯಾರಿಗೂ ಸಿಗುವಂಥದ್ದು. ಸಿಬಿಎಸ್‌ಇ ಹತ್ತನೇ ತರಗತಿಯ ಮಾದರಿ ಪ್ರಶ್ನೆಪತ್ರಿಕೆಗಳನ್ನೂ ಅವುಗಳ ಅಂಕ ಹಂಚಿಕೆಯನ್ನೂ ಪ್ರತಿವರ್ಷ ಪ್ರಕಟಿಸುತ್ತದೆ. ಕೇಂಬ್ರಿಜ್ ಮಂಡಳಿಯ ಹಿಂದಿನ ಪತ್ರಿಕೆಗಳ ಜೊತೆಗೆ, ಮಕ್ಕಳು ಎಲ್ಲೆಲ್ಲಿ ಎಡವಿದರು ಎಂದು ಪರೀಕ್ಷಕರೇ ಬರೆದ ವರದಿಗಳೂ ಓದಲು ಸಿಗುತ್ತವೆ. ಪೋಷಕರು ಒಂದನ್ನೇ ಓದುವುದಾದರೆ ಈ ವರದಿಯನ್ನು ಓದಬೇಕು ಎಂಬುದು ನನ್ನ ಅಭಿಪ್ರಾಯ.

ನಾನು ವಿಜ್ಞಾನದ ಪತ್ರಿಕೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದೆ. ಸಿಬಿಎಸ್‌ಇಯಲ್ಲಿ ಲಿಖಿತ ಪರೀಕ್ಷೆಗೆ 80 ಅಂಕ, ಶಾಲೆಯೇ ನೀಡುವ ಆಂತರಿಕ ಮೌಲ್ಯಮಾಪನಕ್ಕೆ 20 ಅಂಕ. ಈಚಿನ ವರ್ಷಗಳಲ್ಲಿ ಒಂಬತ್ತು ಮತ್ತು ಹತ್ತನೇ ತರಗತಿಗಳ ಅರ್ಧದಷ್ಟು ಪ್ರಶ್ನೆಗಳು ಸಾಮರ್ಥ್ಯಾಧಾರಿತ, ಅಂದರೆ ಕಲಿತದ್ದನ್ನು ಅನ್ವಯಿಸಿ ಉತ್ತರಿಸಬೇಕಾದವು ಆಗಿರುವುದರಿಂದ, ಅದು ಕೇವಲ ಬಾಯಿಪಾಠದ ಪರೀಕ್ಷೆ ಎಂಬ ಹಳೆಯ ಮಾತು ಪತ್ರಿಕೆಯ ಮಟ್ಟಿಗಾದರೂ ಈಗ ಪೂರ್ತಿ ನಿಜವಲ್ಲ. ಕೇಂಬ್ರಿಜ್‌ನಲ್ಲಿ ಹತ್ತನೇ ತರಗತಿಗೆ ಸಮನಾದ ಐಜಿಸಿಎಸ್‌ಇ ಪರೀಕ್ಷೆಯ ಭೌತವಿಜ್ಞಾನದಲ್ಲಿ ತಿಳಿವಳಿಕೆಗೆ ಶೇಕಡ 50, ಮಾಹಿತಿಯನ್ನು ಬಳಸಿ ಸಮಸ್ಯೆ ಬಿಡಿಸುವುದಕ್ಕೆ 30, ಪ್ರಯೋಗ ಕೌಶಲಕ್ಕೆ 20ರ ಪಾಲು ನಿಗದಿಯಾಗಿದೆ. ಆದರೆ ಆ ಪ್ರಯೋಗದ ಪಾಲನ್ನು ಎರಡು ರೀತಿಯಲ್ಲಿ ಪರೀಕ್ಷಿಸಬಹುದು: ಐದನೇ ಪತ್ರಿಕೆಯಲ್ಲಿ ಮಗು ಉಪಕರಣವನ್ನು ಕೈಯಲ್ಲಿ ಹಿಡಿದು ಪ್ರಯೋಗ ಮಾಡಬೇಕು, ಅದಕ್ಕೆ ಬದಲಾಗಿ ಆರನೇ ಪತ್ರಿಕೆಯನ್ನು ಆರಿಸಿಕೊಂಡರೆ ಪ್ರಯೋಗದ ಕುರಿತ ಪ್ರಶ್ನೆಗಳಿಗೆ ಕಾಗದದ ಮೇಲೆ ಉತ್ತರಿಸಿದರೆ ಸಾಕು. ಯಾವುದನ್ನು ಬರೆಸುವುದು ಎಂಬುದು ಶಾಲೆಯ ಆಯ್ಕೆ. ನಾನು ಭೇಟಿ ಕೊಟ್ಟ ಒಂದು ಕೇಂಬ್ರಿಜ್ ಶಾಲೆಯಲ್ಲಿ ಪ್ರಯೋಗಾಲಯವನ್ನು ಬಹಳ ಅಭಿಮಾನದಿಂದ ತೋರಿಸಿದರು. ಮಕ್ಕಳು ಬರೆಯುವುದು ಯಾವ ಪತ್ರಿಕೆ ಎಂದು ಕೇಳಿದಾಗ ಆರನೆಯದು ಎಂಬ ಉತ್ತರ ಬಂತು. ಆರನೆಯದನ್ನು ಬರೆಸಿಯೂ ಚೆನ್ನಾಗಿ ಪ್ರಯೋಗ ಮಾಡಿಸುವ ಶಾಲೆಗಳು ಇರಬಹುದು, ಆದರೆ ವಾರಕ್ಕೆ ಎಷ್ಟು ಸಲ ಮಕ್ಕಳು ಆ ಕೊಠಡಿಗೆ ಹೋಗುತ್ತಾರೆ ಎಂಬ ಮರುಪ್ರಶ್ನೆಗೆ ಅಲ್ಲಿ ಸ್ಪಷ್ಟ ಉತ್ತರ ಸಿಗಲಿಲ್ಲ.

ಐಬಿಯನ್ನು ಈ ವಿಧಾನದಿಂದ ಓದುವುದು ಕಷ್ಟವಾಯಿತು. ಹನ್ನೊಂದರಿಂದ ಹದಿನಾರು ವರ್ಷದವರಿಗಾಗಿರುವ ಅದರ ಮಧ್ಯಮ ಹಂತದಲ್ಲಿ ಪ್ರತಿ ವಿಷಯವನ್ನು ನಾಲ್ಕು ಮಾನದಂಡಗಳಲ್ಲಿ ಅಳೆಯುತ್ತಾರೆ. ಒಂದೊಂದಕ್ಕೆ ಗರಿಷ್ಠ 8ರಂತೆ ಒಟ್ಟು 32, ಅದನ್ನು ಮತ್ತೆ 1ರಿಂದ 7ರವರೆಗಿನ ಶ್ರೇಣಿಗೆ ಇಳಿಸುತ್ತಾರೆ. ನಿಗದಿತ ಪಠ್ಯಪುಸ್ತಕವಿಲ್ಲ, ಪಾಠದ ಘಟಕಗಳನ್ನು ಶಾಲೆಯ ಶಿಕ್ಷಕರೇ ರೂಪಿಸುತ್ತಾರೆ. ಹಂತದ ಕೊನೆಯಲ್ಲಿ ಹೊರಗಿನ ಪರೀಕ್ಷೆಯೂ ಐಚ್ಛಿಕ. ಕಾಗದದ ಮೇಲೆ ಮೂರರಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಇದೇ. ಆದರೆ ಶಿಕ್ಷಕರ ಶಕ್ತಿಯನ್ನು ಅತಿ ಹೆಚ್ಚು ಅವಲಂಬಿಸಿರುವುದೂ ಇದೇ. ಶಿಕ್ಷಕರು ಮೇಲಿಂದ ಮೇಲೆ ಬದಲಾಗುವ ಶಾಲೆಯಲ್ಲಿ ಇದರ ಸ್ಥಿತಿ ಏನಾದೀತು ಎಂದು ಯೋಚಿಸಬೇಕು. ನಾವೇ ಶಾಲೆ ಬದಲಿಸುತ್ತಾ ಹೋಗುವವರಾದ್ದರಿಂದ ಇನ್ನೊಂದು ಆತಂಕವೂ ಇತ್ತು: ಒಂದೇ ಹೆಸರಿನ ಎರಡು ಶಾಲೆಗಳಲ್ಲಿ ಏಳನೇ ತರಗತಿಯ ವಿಷಯಗಳು ಬೇರೆಬೇರೆಯಾಗಿದ್ದರೆ, ಒಂದನ್ನು ಎರಡು ಸಲ ಓದಿ ಇನ್ನೊಂದನ್ನು ಓದದೆಯೇ ಮಗು ಮುಂದೆ ಸಾಗಿಬಿಡಬಹುದು.

ಆ ಬಳಿಕ ಮಕ್ಕಳ ನೋಟ್‌ಪುಸ್ತಕಗಳತ್ತ ತಿರುಗಿದೆ. ಪಠ್ಯಕ್ರಮದ ಅಧ್ಯಯನದಲ್ಲಿ ತೊಡಗಿದವರು ಅದನ್ನು ಮೂರು ಪದರಗಳಾಗಿ ನೋಡುತ್ತಾರೆ: ಮಂಡಳಿ ಉದ್ದೇಶಿಸಿದ್ದು, ಶಿಕ್ಷಕರು ತರಗತಿಯಲ್ಲಿ ಅನುಷ್ಠಾನಕ್ಕೆ ತಂದದ್ದು, ಮಗುವಿಗೆ ದಕ್ಕಿದ್ದು. ಗಣಿತ ಮತ್ತು ವಿಜ್ಞಾನದ ಕಲಿಕೆಯನ್ನು ಅನೇಕ ದೇಶಗಳಲ್ಲಿ ಅಳೆಯುವ ಟಿಮ್ಸ್ ಅಧ್ಯಯನವು 1995ರಿಂದಲೂ ಈ ವಿಂಗಡಣೆಯನ್ನೇ ಆಧರಿಸಿದೆ. ಮೊದಲನೆಯ ಪದರ ಮನೆಯಲ್ಲಿ ಕುಳಿತು ಓದಿದರೆ ತಿಳಿಯುತ್ತದೆ. ಉಳಿದೆರಡಕ್ಕೆ ನೋಟ್‌ಪುಸ್ತಕವೇ ಸಾಕ್ಷಿ. ನಾನು ಒಂದೇ ಪಾಠವನ್ನು ಹಿಡಿದುಕೊಂಡೆ: ಭಿನ್ನರಾಶಿಗಳ ಭಾಗಾಕಾರ. ಸಿಬಿಎಸ್‌ಇ ಶಾಲೆಗಳಲ್ಲಿ ಬಳಸುವ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಅದು ಏಳನೇ ತರಗತಿಗೆ ಬರುತ್ತದೆ. ಭಾಜಕವನ್ನು ತಲೆಕೆಳಗು ಮಾಡಿ ಗುಣಿಸು ಎಂಬ ಸೂತ್ರ ಯಾವ ಮಗುವಿಗೂ ಒಂದು ಗಂಟೆಯಲ್ಲಿ ಬಂದುಬಿಡುತ್ತದೆ, ಏಕೆ ಎಂಬುದು ಮಾತ್ರ ಸುಲಭವಾಗಿ ಬರುವುದಿಲ್ಲ. ಆದ್ದರಿಂದ ಕಲಿಸಿದ ಬಗೆಯನ್ನು ಗುರುತಿಸಲು ಇದು ಒಳ್ಳೆಯ ಜಾಗ.

ಒಂದು ಶಾಲೆಯಲ್ಲಿ ನನಗೆ ತೋರಿಸಿದ ನೋಟ್‌ಪುಸ್ತಕಗಳೆಲ್ಲ ಅಕ್ಷರಶಃ ಒಂದೇ ತೆರನಾಗಿದ್ದವು. ಬೋರ್ಡಿನ ಮೇಲಿದ್ದುದನ್ನು ಇಳಿಸಿಕೊಂಡದ್ದು ಎಂಬುದು ಸ್ಪಷ್ಟವಾಗಿತ್ತು, ತಪ್ಪು ಎಂಬುದೇ ಇರಲಿಲ್ಲ. ಇನ್ನೊಂದು ಶಾಲೆಯಲ್ಲಿ, ಜಾಣ ಮಕ್ಕಳದ್ದು ಬೇಡ, ಸಾಧಾರಣವಾಗಿ ಓದುವವರದ್ದನ್ನು ತೋರಿಸಿ ಎಂದು ಕೇಳಿಕೊಂಡೆ. ಅದರಲ್ಲಿ 3ನ್ನು ಕಾಲು ಭಾಗದಿಂದ (1/4ರಿಂದ) ಭಾಗಿಸಿದರೆ ಮುಕ್ಕಾಲು ಎಂದು ಮಗು ಬರೆದಿತ್ತು. ಶಿಕ್ಷಕರು ಅದನ್ನು ಹೊಡೆದುಹಾಕದೆ, ಮೂರರಲ್ಲಿ ಎಷ್ಟು ಕಾಲುಗಳಿವೆ ಎಂದು ಚಿತ್ರ ಬರೆದು ನೋಡು ಎಂದು ಪಕ್ಕದಲ್ಲಿ ಬರೆದಿದ್ದರು. ಅದರ ಕೆಳಗೆ ಹನ್ನೆರಡು ತುಂಡುಗಳ ವಕ್ರವಾದ ಚಿತ್ರವೂ ಸರಿಯಾದ ಉತ್ತರವೂ ಇದ್ದವು. ಎರಡೂ ಸಿಬಿಎಸ್‌ಇ ಶಾಲೆಗಳೇ, ಪುಸ್ತಕವೂ ಒಂದೇ. ಪಠ್ಯಕ್ರಮಗಳ ನಡುವೆ ನಾನು ಹುಡುಕುತ್ತಿದ್ದ ಅಂತರಕ್ಕಿಂತ ದೊಡ್ಡ ಅಂತರ ಒಂದೇ ಪಠ್ಯಕ್ರಮದೊಳಗೇ ಕಾಣಿಸಿದ್ದು ಅಲ್ಲಿ.

ಮಗುವಿನ ಸ್ವಭಾವಕ್ಕೆ ತಕ್ಕ ಪಠ್ಯಕ್ರಮವನ್ನು ಆರಿಸಬೇಕು ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಹತ್ತು ವರ್ಷದ ಮಗುವಿನ ಸ್ವಭಾವವನ್ನು ಆಧರಿಸಿ ಹದಿನಾರರವರೆಗಿನ ದಾರಿಯನ್ನು ನಿರ್ಧರಿಸುವುದರಲ್ಲಿ ನನಗೆ ಅಷ್ಟೇನೂ ವಿಶ್ವಾಸವಿಲ್ಲ. ಮಗಳು ನಿಧಾನವಾಗಿ ಬರೆಯುತ್ತಾಳೆ, ಬಾಯಲ್ಲಿ ಚೆನ್ನಾಗಿ ವಿವರಿಸುತ್ತಾಳೆ. ಇದನ್ನು ಶಾಲೆಯವರಿಗೆ ತಿಳಿಸಬೇಕಾದ ಸಂಗತಿಯೆಂದು ಪರಿಗಣಿಸಿದೆನೇ ಹೊರತು ಮಂಡಳಿಯನ್ನು ಆರಿಸಲು ಕಾರಣವೆಂದು ಅಲ್ಲ. ನಾನು ಹೆಚ್ಚು ತೂಕ ಕೊಟ್ಟದ್ದು ತಾಯ್ನುಡಿಗೆ. ಹೋದಲ್ಲೆಲ್ಲ ಕನ್ನಡ ಕಲಿಸುವ ಶಾಲೆ ಸಿಗಲಾರದಾದರೂ, ಸಿಬಿಎಸ್‌ಇಯ ಹತ್ತನೇ ತರಗತಿಯವರೆಗಿನ ಭಾಷೆಗಳ ಪಟ್ಟಿಯಲ್ಲಿ ಕನ್ನಡವಿದೆ. ಐಬಿಯ ಕೊನೆಯ ಎರಡು ವರ್ಷಗಳಲ್ಲಿ ಶಾಲೆಯ ಬೆಂಬಲದೊಂದಿಗೆ ತಾಯ್ನುಡಿಯ ಸಾಹಿತ್ಯವನ್ನು ಸ್ವಂತವಾಗಿ ಓದುವ ಅವಕಾಶವೂ ಇದೆ. ಇದನ್ನು ಪೋಷಕರು ತಾವಾಗಿಯೇ ಕೇಳುವುದು ಒಳ್ಳೆಯದು.

ಎಲ್ಲವನ್ನೂ ತೂಗಿ ನೋಡಿ ನಾವು ಸಿಬಿಎಸ್‌ಇಯನ್ನು, ಅದರಲ್ಲೂ ಆ ಎರಡನೆಯ ನೋಟ್‌ಪುಸ್ತಕದ ಶಾಲೆಯನ್ನು ಆರಿಸಿಕೊಂಡೆವು. ಎಲ್ಲಿಗೆ ವರ್ಗವಾದರೂ ಪುಸ್ತಕ ಹೆಚ್ಚುಕಡಿಮೆ ಅದೇ ಇರುತ್ತದೆ, ನಾನೂ ಮುಂಚಿತವಾಗಿ ಓದಿಕೊಳ್ಳಬಹುದು ಎಂಬುದು ಮುಖ್ಯ ಕಾರಣ. ಕೊರತೆಗಳು ಗೊತ್ತಿದ್ದವು. ದೀರ್ಘವಾಗಿ ಬರೆಯುವ ಅಭ್ಯಾಸವನ್ನು ಮನೆಯಲ್ಲಿ ಮಾಡಿಸುತ್ತಿದ್ದೇವೆ, ಕೇಂಬ್ರಿಜ್‌ನ ಹಳೆಯ ಪತ್ರಿಕೆಗಳಿಂದ ಆಗಾಗ ಒಂದೆರಡು ಪ್ರಶ್ನೆ ಎತ್ತಿಕೊಳ್ಳುತ್ತೇವೆ. ಪುಸ್ತಕದಿಂದ ಕೈಬಿಟ್ಟ ಭಾಗಗಳ ಮೇಲೂ ಗಮನವಿಡಬೇಕಾಗುತ್ತದೆ. 2022ರ ಪರಿಷ್ಕರಣೆಯಲ್ಲಿ ಹತ್ತನೇ ತರಗತಿಯ ವಿಜ್ಞಾನದಿಂದ ಧಾತುಗಳ ಆವರ್ತಕ ವರ್ಗೀಕರಣದ ಅಧ್ಯಾಯವನ್ನೇ ತೆಗೆದಿದ್ದರು.

ಈ ನಿರ್ಧಾರಕ್ಕೆ ಎಂಟನೇ ತರಗತಿಯ ಕೊನೆಯವರೆಗೆ ಎಂದು ಅವಧಿ ಹಾಕಿಕೊಂಡಿದ್ದೇವೆ. ಸಿಬಿಎಸ್‌ಇಯಲ್ಲಿ ಹತ್ತನೇ ತರಗತಿಯ ಪರೀಕ್ಷೆಗಾಗಿ ಒಂಬತ್ತನೆಯದರಲ್ಲೇ ಮಂಡಳಿಯಲ್ಲಿ ಹೆಸರು ನೋಂದಣಿಯಾಗುತ್ತದೆ. ಐಜಿಸಿಎಸ್‌ಇಯೂ ಸಾಮಾನ್ಯವಾಗಿ ಎರಡು ವರ್ಷದ ಪಾಠವಾದ್ದರಿಂದ ನಡುವೆ ಸೇರಿಕೊಂಡರೆ ಹಿಂದಿನದನ್ನು ತುಂಬಿಕೊಳ್ಳಲು ಸಮಯ ಸಾಲದು. ಬದಲಿಸಬೇಕೆಂದು ಕಂಡುಬಂದರೆ ಏಳನೆಯದು ಮುಗಿಯುತ್ತಿದ್ದಂತೆಯೇ ಹೊಸ ಶಾಲೆಯ ನೋಟ್‌ಪುಸ್ತಕಗಳನ್ನು ನೋಡಲು ಹೊರಡಬೇಕಾಗುತ್ತದೆ.