ಅಮೆರಿಕದ ವಲಸೆ ಜಗಳ: ಯಾವ ಪಕ್ಷ ಏನು ಕೇಳ್ತಿದೆ ಅಂತ ತಿಳಿಯೋದು ಹೇಗೆ

ದಾವಣಗೆರೆಯ ವಿದ್ಯಾನಗರದಲ್ಲಿ ನಾಲ್ಕು ಮನೆ ದಾಟಿದರೆ ಮಗನೋ ಮಗಳೋ ಅಮೆರಿಕದಲ್ಲಿರೋ ಒಂದು ಮನೆ ಸಿಗುತ್ತೆ. ರಾಜ್ಯಶಾಸ್ತ್ರ ಪಾಠ ಮಾಡಿದವನು ಅಂತ ವಾಕಿಂಗಿನಲ್ಲಿ ನನ್ನನ್ನೇ ಹಿಡೀತಾರೆ: "ಮೇಷ್ಟ್ರೇ, ಈ ಐಸ್ ಗಲಾಟೆಯಲ್ಲಿ ಯಾವ ಪಕ್ಷ ನಮ್ಮ ಕಡೆ?" ಐಸ್ (ICE) ಅಂದ್ರೆ ಅಮೆರಿಕದ ವಲಸೆ ಕಾನೂನು ಜಾರಿ ಮಾಡೋ ಇಲಾಖೆ. ಹಾಗೆ ಕೇಳಿದರೆ ಉತ್ತರ ಸಿಗಲ್ಲ. ಎಚ್-1ಬಿ ಅನ್ನೋ ಕೆಲಸದ ವೀಸಾದ ಅರ್ಜಿ ನೋಡೋ ಇಲಾಖೆ ಬೇರೆ, ಹಿಡಿದು ಗಡೀಪಾರು ಮಾಡೋ ಐಸ್ ಬೇರೆ. ಮೊದಲು ಇವೆರಡನ್ನ ಬಿಡಿಸಿಕೊಳ್ಳಿ.

ಆಮೇಲೆ ವಾರಂಟಿಗೆ ಸಹಿ ಯಾರದು ನೋಡಿ. ಅಸಲಿ ಜಗಳ ಇಲ್ಲೇ ಇರೋದು. ಐಸ್ ತರೋ ವಾರಂಟಿಗೆ ಸಾಮಾನ್ಯವಾಗಿ ಆ ಇಲಾಖೆಯ ಅಧಿಕಾರಿಯದೇ ಸಹಿ. ನಮ್ಮಲ್ಲಿ ಮ್ಯಾಜಿಸ್ಟ್ರೇಟ್ ಕೊಡೋ ಸರ್ಚ್ ವಾರಂಟಿನ ಥರ ಅಲ್ಲ. ಮನೆಯೊಳಗೆ ಕಾಲಿಡೋಕೆ ನ್ಯಾಯಾಧೀಶರ ಸಹಿಯೇ ಬೇಕು, ಅಧಿಕಾರಿಗಳು ಮುಖ ಮುಚ್ಚಿಕೊಳ್ಳಬಾರದು ಅನ್ನೋದು ಡೆಮಾಕ್ರಟರ ಪಟ್ಟು. ಪ್ರತಿಸಲ ಕೋರ್ಟಿಗೆ ಹೋದರೆ ಕೆಲಸ ನಿಲ್ಲುತ್ತೆ, ಮುಖ ತೋರಿಸಿದರೆ ಅಧಿಕಾರಿಯ ಮನೆಯವರಿಗೇ ಅಪಾಯ ಅಂತ ರಿಪಬ್ಲಿಕನ್ನರು. ಎರಡೂ ಮಾತು ಪೂರ್ತಿ ಕೇಳಿ; ನನಗಂತೂ ಸಹಿಯ ವಾದ ಗಟ್ಟಿ ಅನ್ನಿಸುತ್ತೆ.

ದುಡ್ಡಿನ ವಿಷಯ ಸಲೀಸು. 2025ರ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ಕಾಯ್ದೆ ಐಸ್‌ಗೆ ಸುಮಾರು 7,500 ಕೋಟಿ ಡಾಲರ್ ಕೊಟ್ಟಿತು. ಒಬ್ಬ ಡೆಮಾಕ್ರಟನೂ ಅದಕ್ಕೆ ಓಟು ಹಾಕಲಿಲ್ಲ.

ಊರಿನ ಪೊಲೀಸರ ಪಾತ್ರವನ್ನೂ ಗಮನಿಸಿ. ತರಬೇತಿ ಕೊಟ್ಟು ಅವರಿಂದಲೂ ವಲಸೆ ಕೆಲಸ ಮಾಡಿಸೋಕೆ 1996ರ ಕಾನೂನೇ ದಾರಿ ಮಾಡಿತ್ತು. ರಿಪಬ್ಲಿಕನ್ ರಾಜ್ಯಗಳು ಅದನ್ನ ಹಿಗ್ಗಿಸ್ತಿವೆ. ಕ್ಯಾಲಿಫೋರ್ನಿಯಾ 2017ರಲ್ಲೇ ಕಾಯ್ದೆ ಮಾಡಿ ಈ ಕೆಲಸಕ್ಕೆ ತನ್ನ ಪೊಲೀಸರ ಕೈ ಕಟ್ಟಿಹಾಕಿತು. ಮಕ್ಕಳು ಯಾವ ರಾಜ್ಯದಲ್ಲಿದ್ದಾರೆ ಅನ್ನೋದು ಅದಕ್ಕೇ ಮುಖ್ಯ.

ಪಕ್ಷ ಅಂದ್ರೆ ಒಂದೇ ದನಿ ಅಂದುಕೊಳ್ಳಬೇಡಿ. 2013ರ ಸುಧಾರಣಾ ಮಸೂದೆ ದಾಖಲೆ ಇಲ್ಲದವರಿಗೆ ಪೌರತ್ವದ ದಾರಿಯನ್ನೂ, ಗಡಿಗೆ ಹೆಚ್ಚಿನ ಕಾವಲನ್ನೂ ಸೇರಿಸಿತ್ತು. ಮೇಲ್ಮನೆಯಾದ ಸೆನೆಟಿನಲ್ಲಿ 14 ರಿಪಬ್ಲಿಕನ್ನರು ಅದರ ಪರ ಓಟು ಹಾಕಿದರು, ಕೆಳಮನೆ ಅದನ್ನ ಮುಟ್ಟಲೇ ಇಲ್ಲ. 2025ರ ಜನವರಿಯಲ್ಲಿ ಉಲ್ಟಾ: ದಾಖಲೆ ಇಲ್ಲದವರ ಮೇಲೆ ಕಳ್ಳತನದ ಆರೋಪ ಬಂದರೂ ಬಂಧನದಲ್ಲೇ ಇಡಬೇಕು ಅನ್ನೋ ಲೇಕನ್ ರೈಲಿ ಕಾಯ್ದೆಗೆ 12 ಡೆಮಾಕ್ರಟ್ ಸೆನೆಟರ್‌ಗಳು ಸೈ ಅಂದರು.

ಹಾಗಾಗಿ ಟಿವಿ ಚರ್ಚೆ ಬದಿಗಿಟ್ಟು ಅಮೆರಿಕದ ಸಂಸತ್ತಿನ ಕಾಂಗ್ರೆಸ್ ಡಾಟ್ ಗವ್ (congress.gov) ತಾಣ ತೆಗೀರಿ. ಮಸೂದೆ ಹೆಸರು ಹಾಕಿ, ಓಟಿನ ಪಟ್ಟಿಯಲ್ಲಿ ಮಗಳಿರೋ ರಾಜ್ಯದ ಇಬ್ಬರು ಸೆನೆಟರ್‌ಗಳ ಹೆಸರು ಹುಡುಕಿ.