ಅಪಘಾತ ಪರಿಹಾರದ ಅರ್ಜಿ ಗಟ್ಟಿಯಾಗುವುದು ಮೊದಲ ವಾರದಲ್ಲೇ

ಹುಬ್ಬಳ್ಳಿಯ ಗಬ್ಬೂರು ಬೈಪಾಸಿನಲ್ಲಿ ಲಾರಿ ಬಡಿದು ಬೈಕ್ ಸವಾರ ಬಿದ್ದಿದ್ದಾನೆ ಎಂದುಕೊಳ್ಳಿ. ಮನೆಯವರು ಕಿಮ್ಸ್ ಆಸ್ಪತ್ರೆಗೆ ಓಡುತ್ತಾರೆ. ಕೇಸ್‌ಪೇಪರ್ ಬರೆಯುವವರು ‘ಹ್ಯಾಂಗಾತ್ರಿ?’ ಎಂದಾಗ ಗಾಬರಿಯಲ್ಲಿ ಯಾರೋ ‘ಗಾಡಿ ಸ್ಕಿಡ್ ಆಗಿ ಬಿದ್ದಾನ್ರೀ’ ಅಂದುಬಿಡುತ್ತಾರೆ. ಮುಂದೆ ಪರಿಹಾರದ ಕೇಸಿನಲ್ಲಿ ಲಾರಿಯ ವಿಮಾ ಕಂಪನಿಯ ವಕೀಲರು ಮೊದಲು ಎತ್ತಿ ತೋರಿಸುವುದು ಅದೇ ಸಾಲನ್ನು.

ಹಾಗಾಗಿ ಆಸ್ಪತ್ರೆಯಲ್ಲಿ ನಡೆದದ್ದನ್ನು ನಡೆದಂತೆ ಹೇಳಿ: ಯಾವ ವಾಹನ, ಎಲ್ಲಿ, ಎಷ್ಟು ಹೊತ್ತಿಗೆ, ಗೊತ್ತಿದ್ದರೆ ನಂಬರ್. ಎಂಎಲ್‌ಸಿ (ಪೊಲೀಸ್ ಕೇಸಿಗೆ ಸಂಬಂಧಿಸಿದ ಗಾಯವೆಂದು ಆಸ್ಪತ್ರೆ ಮಾಡುವ ದಾಖಲೆ) ಮಾಡಿಸಿ, ಅದರ ಸಂಖ್ಯೆ ಬರೆದಿಟ್ಟುಕೊಳ್ಳಿ. ತಪ್ಪಾಗಿ ದಾಖಲಾಗಿದ್ದರೆ ಡಿಸ್ಚಾರ್ಜ್‌ಗೆ ಮುಂಚೆಯೇ ವೈದ್ಯರಿಗೆ ಲಿಖಿತ ಅರ್ಜಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಗಾಯಗೊಂಡ ಸವಾರನಿಗೆ ಲೈಸೆನ್ಸ್ ಇಲ್ಲವೆಂದು ಹೆದರಿ ಕಥೆ ಬದಲಿಸುವುದೂ ಉಂಟು. ಹಾಗೆ ಮಾಡಲೇಬೇಡಿ. ಲೈಸೆನ್ಸ್ ಇಲ್ಲದ ಮಾತ್ರಕ್ಕೆ ಎದುರಿನವನ ತಪ್ಪು ಅಳಿಸಿಹೋಗುವುದಿಲ್ಲ, ಆದರೆ ಒಂದು ಸುಳ್ಳು ಸಿಕ್ಕಿಬಿದ್ದರೆ ಉಳಿದ ಸತ್ಯವನ್ನೂ ಯಾರೂ ನಂಬುವುದಿಲ್ಲ.

2025ರ ಕೇಂದ್ರ ಯೋಜನೆಯಡಿ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ 1.5 ಲಕ್ಷ ರೂಪಾಯಿ ಮಿತಿಯ ನಗದುರಹಿತ ಚಿಕಿತ್ಸೆ ಇದೆ; ದಾಖಲಾಗುವಾಗಲೇ ಕೇಳಿ.

ಇನ್ನು ಪೊಲೀಸ್ ದೂರು. ಅಪಘಾತವಾದ ಜಾಗ ಯಾವ ಠಾಣೆಯ ಹದ್ದಿಗೆ ಬರುತ್ತದೋ ಅಲ್ಲಿ ಕೊಡಿ. ಗಾಯಾಳುವನ್ನು ನೋಡಿಕೊಳ್ಳುವುದರಲ್ಲಿ ಎರಡು ದಿನ ತಡವಾಗಿದ್ದರೆ ತಡವಾದ ಕಾರಣವನ್ನು ದೂರಿನಲ್ಲೇ ಬರೆಯಿರಿ. ಜಾಗದಲ್ಲೇ ಹತ್ತಿಪ್ಪತ್ತು ಸಾವಿರ ಕೈಗಿಟ್ಟು ‘ಕೇಸ್ ಬ್ಯಾಡ್ರಿ’ ಎನ್ನುವವರು ಸಿಗುತ್ತಾರೆ. ಮೂಳೆ ಮುರಿದಿದ್ದರೆ ಆ ದುಡ್ಡು ಪ್ಲೇಟ್ ಹಾಕಿಸಲಿಕ್ಕೂ ಸಾಲದು, ಎಫ್‌ಐಆರ್ ಇಲ್ಲದೆ ಮುಂದೆ ಪರಿಹಾರ ಪಡೆಯುವುದೂ ಕಷ್ಟ. ಎಂಪರಿವಾಹನ್ ಆ್ಯಪ್‌ನಲ್ಲಿ ಎದುರು ವಾಹನದ ನಂಬರ್ ಹಾಕಿ, ಅಪಘಾತದ ದಿನ ವಿಮೆ ಚಾಲ್ತಿಯಲ್ಲಿತ್ತೇ ನೋಡಿಕೊಳ್ಳಿ.

ಒಂದು ಫೈಲಿನಲ್ಲಿ ಇವನ್ನು ಕೂಡಿಸುತ್ತ ಹೋಗಿ: ಎಫ್‌ಐಆರ್, ಸ್ಥಳ ಪಂಚನಾಮೆ ಮತ್ತು ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ, ವೂಂಡ್ ಸರ್ಟಿಫಿಕೇಟ್ (ವೈದ್ಯರು ಕೊಡುವ ಗಾಯದ ಪ್ರಮಾಣಪತ್ರ), ಡಿಸ್ಚಾರ್ಜ್ ಕಾರ್ಡ್, ಎಕ್ಸ್‌ರೇ ಫಿಲ್ಮ್, ಮೆಡಿಕಲ್ ಅಂಗಡಿಯ ಮೂಲ ಬಿಲ್ಲು, ಕೊನೆಗೆ ಚಾರ್ಜ್‌ಶೀಟ್. ಬಿಲ್ಲಿನ ಶಾಯಿ ಆರು ತಿಂಗಳಿಗೇ ಮಾಸುತ್ತದೆ, ಸಿಕ್ಕ ದಿನವೇ ಝೆರಾಕ್ಸ್ ಮಾಡಿಸಿ.

ಅರ್ಜಿಯನ್ನು ಅಪಘಾತವಾದ ಊರಿನಲ್ಲೇ ಹಾಕಬೇಕೆಂದಿಲ್ಲ. ಅಣ್ಣಿಗೇರಿ ಹತ್ತಿರ ಅಪಘಾತವಾದರೂ ಗದುಗಿನಲ್ಲಿ ವಾಸವಿರುವವರು ಗದುಗಿನ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬಹುದು. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿ, ಅರ್ಜಿ ಹಾಕಲು ಅಪಘಾತದ ದಿನದಿಂದ ಆರು ತಿಂಗಳ ಗಡುವು ಹೇಳುತ್ತದೆ. ಚಾರ್ಜ್‌ಶೀಟ್ ಬರಲಿ ಎಂದು ಕಾಯುತ್ತ ಕೂಡಬೇಡಿ. ಬಸ್ಸು ವಾಯವ್ಯ ಸಾರಿಗೆಯದಾಗಿದ್ದರೆ ಸಂಸ್ಥೆಯನ್ನೇ ಎದುರುದಾರರನ್ನಾಗಿ ಮಾಡಬೇಕು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವಿದೆ. ಕೋರ್ಟಿನ ಆವರಣದ ಕಾನೂನು ಸೇವಾ ಕಚೇರಿಯಲ್ಲಿ ವಿಚಾರಿಸಿ.

ಪರಿಹಾರದ ಲೆಕ್ಕ ಹೀಗಿರುತ್ತದೆ. ಬ್ಯಾಡಗಿ ಮೆಣಸಿನಕಾಯಿ ಪೇಟೆಯ 34 ವರ್ಷದ ಹಮಾಲರೊಬ್ಬರು ತೀರಿಕೊಂಡರು, ತಿಂಗಳ ದುಡಿಮೆ 18,000 ಎನ್ನೋಣ. 40 ವಯಸ್ಸಿನೊಳಗಿನ ಸ್ವಂತ ದುಡಿಮೆಯವರಿಗೆ ಭವಿಷ್ಯದ ಗಳಿಕೆಯೆಂದು ಶೇ 40 ಸೇರಿಸಿ 25,200. ವರ್ಷಕ್ಕೆ 3,02,400. ಹೆಂಡತಿ, ಇಬ್ಬರು ಮಕ್ಕಳು, ತಾಯಿ ಅವಲಂಬಿತರಾದ್ದರಿಂದ ತೀರಿಕೊಂಡವರ ಸ್ವಂತ ಖರ್ಚಿಗೆಂದು ಕಾಲು ಭಾಗ ಕಳೆದರೆ 2,26,800. ಇದನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸುತ್ತಾರೆ; 31ರಿಂದ 35ರ ವಯಸ್ಸಿಗೆ ಗುಣಕ 16. ಒಟ್ಟು 36,28,800, ಇದರ ಮೇಲೆ ಅಂತ್ಯಕ್ರಿಯೆ ಮೊದಲಾದ ಬಾಬತ್ತುಗಳು. ಇಷ್ಟೂ ನಿಂತಿರುವುದು ಆ 18,000ದ ಮೇಲೆ. ದುಡಿಮೆಗೆ ದಾಖಲೆ ಇಲ್ಲದಿದ್ದರೆ ಕೋರ್ಟ್ ತಾನೇ ಒಂದು ಅಂದಾಜು ಹಿಡಿಯುತ್ತದೆ. ಆದ್ದರಿಂದ ಹಮಾಲಿ ಪರವಾನಗಿ, ಬ್ಯಾಂಕ್ ಪಾಸ್‌ಬುಕ್, ದಲಾಲಿ ಅಂಗಡಿಯ ಚೀಟಿ ಹುಡುಕಿ ತೆಗೆಯಿರಿ.

ಬದುಕಿ ಅಂಗವೈಕಲ್ಯ ಉಳಿದರೆ ವೈದ್ಯರು ಬರೆದ ಶೇಕಡಾವಾರು ಒಂದೇ ಮುಖ್ಯವಲ್ಲ. ಮೊಣಕಾಲು ಮಡಚಲಾಗದಿದ್ದರೆ ಅಂಗಡಿ ಲೆಕ್ಕ ಬರೆಯುವವರಿಗಾಗುವ ನಷ್ಟವೇ ಬೇರೆ, ಹಮಾಲರಿಗಾಗುವುದೇ ಬೇರೆ. ವೈದ್ಯರು ಸಾಕ್ಷಿ ಹೇಳುವಾಗ ಗಾಯಾಳು ಮಾಡುವ ಕೆಲಸದ ವಿಷಯ ಬರಲೇಬೇಕು.

ಗುದ್ದಿದ ವಾಹನ ಯಾವುದೆಂದು ಪತ್ತೆಯೇ ಆಗದಿದ್ದರೆ ದಾರಿ ಬೇರೆ. ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಪರಿಹಾರವಿದೆ. ಇದಕ್ಕೆ ಕೋರ್ಟಿಗೆ ಹೋಗಬೇಕಿಲ್ಲ. ಎಫ್‌ಐಆರ್, ಆಸ್ಪತ್ರೆಯ ಕಾಗದ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಯೊಂದಿಗೆ ತಹಶೀಲ್ದಾರ್ ಇಲ್ಲವೇ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ಅರ್ಜಿ ಕೊಟ್ಟು, ಸ್ವೀಕೃತಿ ಕೇಳಿ ಪಡೆಯಿರಿ.